ಮನೆಮಾತು ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಟೆಸ್ಟ್ ಮಾಡ್ತಾರಂತೆ, ಫಾರ್ಮಿನಲ್ಲಿ ಏನು ಬರೆಯಲಿ?

ಹಾಸನದ ಹುಡುಗಿ, ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಮಗ ಇಲ್ಲಿ ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಕಿಂಡರ್‌ಗಾರ್ಟನ್‌ಗೆ ಸೇರ್ತಾನೆ. ಅಡ್ಮಿಷನ್ ಕಾಗದಗಳ ಜೊತೆ ಮನೆಭಾಷೆ ಸಮೀಕ್ಷೆ ಅಂತ ಒಂದು ಪುಟ ಇದೆ. ನಾಲ್ಕೇ ಪ್ರಶ್ನೆ: ಮಗು ಮೊದಲು ಮಾತು ಕಲಿತದ್ದು ಯಾವ ಭಾಷೇಲಿ, ಮನೇಲಿ ಅವನು ಹೆಚ್ಚಾಗಿ ಆಡೋದು ಯಾವುದು, ನಾವು ಅವನ ಜೊತೆ ಆಡೋದು ಯಾವುದು, ಮನೆಯ ದೊಡ್ಡವರು ಆಡೋದು ಯಾವುದು. ನಾಲ್ಕಕ್ಕೂ ನಮ್ಮ ಉತ್ತರ ಕನ್ನಡ. ಅತ್ತೆ ಮಾವ ನಮ್ಮ ಜೊತೆಗೇ ಇದ್ದಾರೆ, ಮನೆಯಲ್ಲಿ ಬೇರೆ ಮಾತೇ ಇಲ್ಲ. ಆದರೆ ಪ್ರೀಸ್ಕೂಲಿಗೆ ಹೋಗಿ ಮಗ ಇಂಗ್ಲಿಷ್ ಕೂಡ ಚೆನ್ನಾಗಿ ಮಾತಾಡ್ತಾನೆ.

ಗೆಳತಿಯರೆಲ್ಲ "ಇಂಗ್ಲಿಷ್ ಅಂತ ಬರೆದುಬಿಡು, ಕನ್ನಡ ಅಂತ ಬರೆದರೆ ಟೆಸ್ಟ್ ಮಾಡಿ ಇ.ಎಲ್. (ಇಂಗ್ಲಿಷ್ ಇನ್ನೂ ಕಲೀತಿರೋ ಮಗು) ಅಂತ ಹಣೆಪಟ್ಟಿ ಕಟ್ತಾರೆ, ಬೇರೆ ಕೂರಿಸ್ತಾರೆ, ವರ್ಷಗಟ್ಟಲೆ ಬಿಡಲ್ಲ" ಅಂತಿದ್ದಾರೆ. ಮನೆಯವರಿಗೆ ವೀಸಾ ಚಿಂತೆ ಬೇರೆ, ಈ ಫಾರ್ಮು ಎಲ್ಲೆಲ್ಲಿಗೆ ಹೋಗುತ್ತೋ ಅಂತ. ಗೊತ್ತಿದ್ದವರು ದಯವಿಟ್ಟು ಹೇಳಿ.

ನೇಪರ್‌ವಿಲ್ ಅಪ್ಪ

ಇಂಗ್ಲಿಷ್ ಅಂತಲೇ ಬರೀರಿ ಸಿಸ್ಟರ್. ನಮ್ಮ ಬಳಗದಲ್ಲೇ ಒಬ್ಬರ ಮಗಳು ಇಲ್ಲೇ ಹುಟ್ಟಿದವಳು. ಕಿಂಡರ್‌ಗಾರ್ಟನ್‌ನಲ್ಲಿ ಇ.ಎಲ್. ಪಟ್ಟಿಗೆ ಸೇರಿಸಿದರು. ಐದನೇ ಗ್ರೇಡಿಗೆ ಬಂದರೂ ಪ್ರತಿ ಚಳಿಗಾಲ ಇಂಗ್ಲಿಷ್ ಮಟ್ಟ ಅಳೆಯೋ ಆಕ್ಸೆಸ್ ಟೆಸ್ಟ್ ಬರೀತಾಳೆ. ಮಾತಾಡೋದು, ಕೇಳೋದು, ಓದೋದರಲ್ಲಿ ಒಳ್ಳೇ ಸ್ಕೋರು, ಬರವಣಿಗೆಯಲ್ಲಿ ಮಾತ್ರ ಸ್ವಲ್ಪ ಕಡಿಮೆ. ಅಷ್ಟಕ್ಕೇ ಹೊರಗೆ ಬಿಡಲ್ಲ. ಆ ಹುಡುಗಿಗೆ "ನನಗೆ ಇಂಗ್ಲಿಷ್ ಬರಲ್ವಾ?" ಅನ್ನೋ ಅನುಮಾನ ಹತ್ತಿಬಿಟ್ಟಿದೆ. ಇಂಗ್ಲಿಷ್ ಬರೋ ಮಕ್ಕಳಿಗೆ ಇದೆಲ್ಲ ಯಾಕೆ?

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಇ.ಎಸ್.ಎಲ್. ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸೋದು. ನಾನು ಸರ್ಕಾರಿ ಶಾಲೆಯಲ್ಲಿ ಇದೇ ಕೆಲಸ ಮಾಡ್ತೀನಿ, ಈ ಫಾರ್ಮುಗಳನ್ನು ಓದೋದು, ಮಕ್ಕಳನ್ನು ಪರೀಕ್ಷಿಸೋದು, ಪಾಠ ಮಾಡೋದು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ, ಕ್ಷಮಿಸಿ.

ಮೊದಲು ಹಾಸನದ ಅಮ್ಮನಿಗೆ: ಇದ್ದದ್ದನ್ನು ಇದ್ದ ಹಾಗೆ ಕನ್ನಡ ಅಂತ ಬರೀರಿ. ಈ ಫಾರ್ಮು ವಲಸೆ ಇಲಾಖೆಗೆ ಸಂಬಂಧಪಟ್ಟದ್ದಲ್ಲ, ಅದರಲ್ಲಿ ವೀಸಾ ವಿಚಾರ ಕೇಳೋದೂ ಇಲ್ಲ. ಕಾಗದಪತ್ರ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಮೊಕದ್ದಮೆಯಲ್ಲಿ ಹೇಳಿದೆ.

ಈ ಟೆಸ್ಟ್ ಯಾಕೆ ಬಂತು ಅನ್ನೋದು ತಿಳಿದರೆ ಹೆದರಿಕೆ ಅರ್ಧ ಹೋಗುತ್ತೆ. 1970ರ ಸುಮಾರಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು 2,800ಕ್ಕೂ ಹೆಚ್ಚಿದ್ದರು. ಸುಮಾರು 1,000 ಮಕ್ಕಳಿಗೆ ಮಾತ್ರ ಇಂಗ್ಲಿಷ್ ಕಲಿಯಲು ಹೆಚ್ಚುವರಿ ಪಾಠ ಸಿಗ್ತಿತ್ತು. ಉಳಿದ 1,800 ಮಕ್ಕಳು ಅದೇ ಕ್ಲಾಸಿನಲ್ಲಿ, ಅದೇ ಪುಸ್ತಕ ಹಿಡಿದು, ಟೀಚರ್ ಹೇಳಿದ್ದು ಒಂದೂ ತಿಳಿಯದೆ ಕೂತಿರ್ತಿದ್ದರು. ಎಲ್ಲರಿಗೂ ಒಂದೇ ಪಾಠ ಕೊಟ್ಟಿದ್ದೀವಲ್ಲ, ಭೇದ ಎಲ್ಲಿ ಅನ್ನೋದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸೋ ಸ್ಕೂಲ್ ಡಿಸ್ಟ್ರಿಕ್ಟ್‌ನ ವಾದ. ಕೆಳಗಿನ ಕೋರ್ಟುಗಳು ಅದನ್ನು ಒಪ್ಪಿದವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಒಂದೇ ಪುಸ್ತಕ, ಒಂದೇ ಟೀಚರ್, ಒಂದೇ ಪಠ್ಯ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ, ಮಗುವಿಗೆ ತಿಳಿಯದ ಭಾಷೆಯಲ್ಲಿ ಪಾಠ ಮಾಡಿ ಸುಮ್ಮನಾದರೆ ಅದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಉಲ್ಲಂಘನೆ ಅಂದರು. ಅದೇ ಲಾವ್ ವಿರುದ್ಧ ನಿಕೋಲ್ಸ್ ತೀರ್ಪು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಸಮಾನ ಶಿಕ್ಷಣ ಅವಕಾಶಗಳ ಕಾಯ್ದೆ ಮಾಡಿ, ಭಾಷೆಯ ಅಡ್ಡಿಯನ್ನು ದಾಟಿಸೋದಕ್ಕೆ ಶಾಲೆ ಸೂಕ್ತ ಕ್ರಮ ತೆಗೆದುಕೊಳ್ಳಲೇಬೇಕು ಅಂತ ಬರೆದಿಟ್ಟಿತು.

ಹಾಗಾಗಿ ಈ ಟೆಸ್ಟ್ ನಿಮ್ಮ ಮಗನನ್ನು ಕೆಳಗೆ ಹಾಕೋಕೆ ಅಂತ ಬಂದದ್ದಲ್ಲ. ಸಹಾಯ ಬೇಕಾದ ಮಗು ಯಾರ ಕಣ್ಣಿಗೂ ಬೀಳದೆ ಹಿಂದಿನ ಬೆಂಚಿನಲ್ಲಿ ಉಳಿದುಹೋಗಬಾರದು ಅಂತ ಹೋರಾಡಿ ಪಡೆದದ್ದು. ಈಗಿರೋ ಕೇಂದ್ರ ಕಾಯ್ದೆ 2015ರ ಡಿಸೆಂಬರ್‌ನಲ್ಲಿ ಬಂದದ್ದು, ಎಸ್ಸಾ ಅಂತ ಕರೀತಾರೆ. ಅದರ ಪ್ರಕಾರ ಶಾಲೆಗೆ ಸೇರಿದ 30 ದಿನದೊಳಗೆ ಮಗುವಿನ ಇಂಗ್ಲಿಷ್ ಅಳೆಯಬೇಕು. ಆ ರಾಜ್ಯದಲ್ಲಿ ಎಲ್ಲ ಡಿಸ್ಟ್ರಿಕ್ಟ್‌ಗೂ ಒಂದೇ ನಿಯಮ ಇರಬೇಕು. ಪಟ್ಟಿಗೆ ಸೇರಿದ ಮಕ್ಕಳನ್ನು ಪ್ರತಿ ವರ್ಷ ಕೇಳೋದು, ಮಾತಾಡೋದು, ಓದೋದು, ಬರೆಯೋದು, ಈ ನಾಲ್ಕರಲ್ಲೂ ಪರೀಕ್ಷಿಸಬೇಕು.

ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಎಲ್ಪ್ಯಾಕ್ ಅಂತಾರೆ. ಕಿಂಡರ್‌ಗಾರ್ಟನ್ ಮಗುವನ್ನು ತರಬೇತಾದ ಒಬ್ಬರು ಎದುರಿಗೆ ಕೂರಿಸಿಕೊಂಡು ಚಿತ್ರ ತೋರಿಸಿ ಮಾತಾಡಿಸ್ತಾರೆ, ಸ್ವಲ್ಪ ಓದಿಸ್ತಾರೆ, ಬರೆಸ್ತಾರೆ. ನಿಮ್ಮ ಮಗನಿಗೆ ನೀವು ಹೇಳಿದಷ್ಟು ಇಂಗ್ಲಿಷ್ ಬಂದರೆ ಮೊದಲ ಟೆಸ್ಟಿನಲ್ಲೇ "ಇಂಗ್ಲಿಷ್ ಬಲ್ಲವನು" ಅಂತ ನಮೂದಾಗುತ್ತೆ, ಅಲ್ಲಿಗೆ ಮುಗೀತು. ಮತ್ತೆ ಟೆಸ್ಟ್ ಇಲ್ಲ. ಕನ್ನಡ ಅಂತ ಬರೆದ ಮಾತ್ರಕ್ಕೆ ಯಾರೂ ಪಟ್ಟಿಗೆ ಸೇರೋದಿಲ್ಲ. ನಡುವೆ ಟೆಸ್ಟ್ ಇದೆ ಅನ್ನೋದನ್ನು ತುಂಬಾ ಜನ ಮರೀತಾರೆ.

ಹಾಸನದ ಹುಡುಗಿ, ಫ್ರೀಮಾಂಟ್

ತುಂಬಾ ಧನ್ಯವಾದ ಮೇಡಂ, ಮನಸ್ಸು ಹಗುರ ಆಯ್ತು. ಇನ್ನೊಂದು ಕೇಳ್ತೀನಿ. ಅವನು ನಾಚಿಕೆ ಸ್ವಭಾವದವನು. ಹೊಸಬರ ಮುಂದೆ ಬಾಯಿ ಬಿಡದೆ ಟೆಸ್ಟಿನಲ್ಲಿ ಹಿಂದೆ ಬಿದ್ದರೆ? ಆಮೇಲೆ ನಾವು ಬೇಡ ಅನ್ನಬಹುದಾ?

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಅಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ. ವಿಶೇಷ ಪಾಠ ಬೇಡ ಅನ್ನೋ ಹಕ್ಕು ನಿಮಗಿದೆ. ಮಗುವನ್ನು ಪಟ್ಟಿಗೆ ಸೇರಿಸಿದರೆ ಶಾಲೆ ವರ್ಷ ಶುರುವಾದ 30 ದಿನದೊಳಗೆ ನಿಮಗೆ ಪತ್ರ ಕೊಡಬೇಕು. ವರ್ಷದ ಮಧ್ಯೆ ಸೇರಿದ ಮಗುವಾದರೆ ಎರಡು ವಾರದೊಳಗೆ. ಯಾಕೆ ಸೇರಿಸಿದರು, ಅವನ ಮಟ್ಟ ಏನು, ಯಾವ ರೀತಿ ಪಾಠ ಕೊಡ್ತಾರೆ, ಹೊರಗೆ ಬರೋಕೆ ಏನು ಬೇಕು, ಬೇಡ ಅನ್ನೋಕೆ ಏನು ಮಾಡಬೇಕು ಅನ್ನೋದೆಲ್ಲ ಆ ಪತ್ರದಲ್ಲಿ ಇರಬೇಕು. ಸಾಧ್ಯವಾದಷ್ಟೂ ನಿಮಗೆ ತಿಳಿಯೋ ಭಾಷೆಯಲ್ಲೇ ಇರಬೇಕು.

ಆದರೆ ಪಾಠ ಬೇಡ ಅಂದರೂ ವಾರ್ಷಿಕ ಟೆಸ್ಟ್ ತಪ್ಪಲ್ಲ. ಪಟ್ಟಿಯಿಂದ ಹೊರಬರೋವರೆಗೂ ಬರೆಯಲೇಬೇಕು. ಎಷ್ಟೋ ಅಪ್ಪ ಅಮ್ಮಂದಿರು ಪಾಠ ಬಿಡಿಸಿದರೆ ಪಟ್ಟಿಯಿಂದಲೂ ಹೆಸರು ಹೋಗುತ್ತೆ ಅಂದುಕೊಂಡು ಸಹಿ ಹಾಕ್ತಾರೆ. ಆಗ ಟೆಸ್ಟ್ ಉಳಿಯುತ್ತೆ, ಸಹಾಯ ಮಾತ್ರ ಹೋಗುತ್ತೆ. ದಯವಿಟ್ಟು ಅವಸರದಲ್ಲಿ ಆ ಸಹಿ ಹಾಕಬೇಡಿ.

ನಾಚಿಕೆಯ ಮಗುವಿನ ವಿಚಾರ ನಿಜ, ನಾನೂ ನೋಡ್ತಾ ಇರ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಟೆಸ್ಟಿನ ಫಲಿತಾಂಶ ಮಗುವಿನ ನಿಜವಾದ ಮಟ್ಟ ತೋರಿಸ್ತಿಲ್ಲ ಅನ್ನಿಸಿದರೆ, ವಸಂತಕಾಲದ ವಾರ್ಷಿಕ ಎಲ್ಪ್ಯಾಕ್‌ಗೆ ಮುಂಚೆ ವರ್ಗೀಕರಣ ಪರಿಶೀಲಿಸಿ ಅಂತ ಟೀಚರೂ ಕೇಳಬಹುದು, ನೀವೂ ಕೇಳಬಹುದು. ತರಗತಿಯಲ್ಲಿ ಅವನು ಮಾಡಿದ ಕೆಲಸ ಸಾಕ್ಷಿಯಾಗುತ್ತೆ. ಆ ವಾರ್ಷಿಕ ಟೆಸ್ಟ್ ದಾಟಿದ ಮೇಲೆ ಮಾಮೂಲಿ ದಾರಿಯಲ್ಲೇ ಹೊರಬರಬೇಕು.

ನೇಪರ್‌ವಿಲ್ ಅಪ್ಪ

ಟೀಚರ್ ಮೇಡಂ, ನೀವು ಹೇಳಿದ ಚರಿತ್ರೆಗೆ ಗೌರವ ಇದೆ. ಆದರೆ ನಮ್ಮ ಸ್ನೇಹಿತರ ಮಗಳ ವಿಷಯಕ್ಕೆ ಉತ್ತರ ಬರಲಿಲ್ಲ. ಒಳಗೆ ಹೋಗೋದು ಸುಲಭ, ಹೊರಗೆ ಬರೋದು ಕಷ್ಟ ಅನ್ನೋದೇ ನಮ್ಮ ತಕರಾರು. ಅವಳ ಕ್ಲಾಸಿನಲ್ಲಿ ಇಂಗ್ಲಿಷ್ ಮಾತ್ರ ಬರೋ ಅಮೆರಿಕನ್ ಮಕ್ಕಳನ್ನೂ ಅದೇ ಬರವಣಿಗೆ ಟೆಸ್ಟಿಗೆ ಕೂರಿಸಿದರೆ ಎಷ್ಟು ಮಂದಿ ಪಾಸಾಗ್ತಾರೆ?

ಎರಡು ಮಕ್ಕಳ ತಾಯಿ, ಸನಿವೇಲ್

ನೇಪರ್‌ವಿಲ್ ಅವರ ಮಾತು ಸುಳ್ಳಲ್ಲ. ನಮ್ಮ ದೊಡ್ಡವಳು ಇದೇ ದಾರಿ ದಾಟಿ ಬಂದಳು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿಯಿಂದ ಹೊರಬರೋಕೆ ನಾಲ್ಕು ವಿಷಯ ನೋಡ್ತಾರೆ: ಎಲ್ಪ್ಯಾಕ್‌ನಲ್ಲಿ ಒಟ್ಟಾರೆ ನಾಲ್ಕನೇ ಮಟ್ಟ, ಟೀಚರ್ ಅಭಿಪ್ರಾಯ, ಅಪ್ಪ ಅಮ್ಮನ ಅಭಿಪ್ರಾಯ, ಆಮೇಲೆ ಇಂಗ್ಲಿಷ್ ಮನೆಮಾತಿನ ಅದೇ ವಯಸ್ಸಿನ ಮಕ್ಕಳ ಜೊತೆ ಮೂಲ ಕೌಶಲದ ಹೋಲಿಕೆ. ಎಲ್ಪ್ಯಾಕ್‌ಗೆ ಒಟ್ಟಾರೆ ಮಟ್ಟ ಸಾಕು, ಆದರೆ ಆ ಕೊನೆಯ ಹೋಲಿಕೆಗೆ ಯಾವ ಪರೀಕ್ಷೆ ಬಳಸೋದು ಅನ್ನೋದು ಡಿಸ್ಟ್ರಿಕ್ಟ್‌ನ ಕೈಲಿದೆ. ನಮಗೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅವಳಿಗೆ ನಾಲ್ಕನೇ ಮಟ್ಟ ಬಂದು ಕೂತಿತ್ತು, ಫೈಲು ಯಾರ ಮೇಜಿನ ಮೇಲೂ ಮುಂದೆ ಹೋಗಿರಲಿಲ್ಲ. ನಾವು ಹೋಗಿ ಕೇಳಿದ ಮೇಲೆ ಸಭೆ ಕರೆದರು. ಅಪ್ಪ ಅಮ್ಮನ ಅಭಿಪ್ರಾಯ ಕೂಡ ಕಾನೂನಿನ ಒಂದು ಭಾಗ ಅಂತ ಮೊದಲೇ ಗೊತ್ತಿದ್ದದ್ದಕ್ಕೆ ಧೈರ್ಯವಾಗಿ ಮಾತಾಡೋಕಾಯ್ತು. ಸ್ಕೋರು ಬಂದ ತಕ್ಷಣ ನೀವೇ ಕೇಳಿ, ಪತ್ರ ಬರಲಿ ಅಂತ ಕಾಯಬೇಡಿ.

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಸನಿವೇಲ್ ಅಕ್ಕ ಹೇಳಿದ್ದು ಪೂರ್ತಿ ಸರಿ. ನೇಪರ್‌ವಿಲ್ ಸರ್, ನಿಮ್ಮ ತಕರಾರನ್ನು ನಾನು ತಳ್ಳಿಹಾಕೋದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ನೋವು ಕೊಡೋ ಜಾಗ ಅದೇ. ನಿಮ್ಮ ಇಲಿನಾಯ್, ನಮ್ಮ ನ್ಯೂಜೆರ್ಸಿ ಸೇರಿದಂತೆ ಬಹಳಷ್ಟು ರಾಜ್ಯಗಳು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೀಡಾ ಸಂಸ್ಥೆಯ ಆಕ್ಸೆಸ್ ಟೆಸ್ಟ್ ಬಳಸ್ತವೆ. ಎಷ್ಟು ಅಂಕಕ್ಕೆ ಹೊರಗೆ ಬಿಡಬೇಕು ಅನ್ನೋದು ಮಾತ್ರ ಆಯಾ ರಾಜ್ಯದ ತೀರ್ಮಾನ. ಒಂದು ರಾಜ್ಯದಲ್ಲಿ ಪಟ್ಟಿಯಲ್ಲಿರೋ ಮಗು ಮನೆ ಬದಲಿಸಿ ಪಕ್ಕದ ರಾಜ್ಯಕ್ಕೆ ಹೋದರೆ ಹೊರಗಿರಬಹುದು.

ಇನ್ನೊಂದು, ಈ ಟೆಸ್ಟ್ ಕೇಳೋದು ಬರೀ ಬಾಯಿಮಾತಿನ ಇಂಗ್ಲಿಷ್ ಅಲ್ಲ. ವಿಜ್ಞಾನದ ಪ್ರಯೋಗ ವಿವರಿಸೋದು, ಗಣಿತದ ಹೆಜ್ಜೆಗಳಿಗೆ ಕಾರಣ ಕೊಡೋದು, ಈ ಥರದ ಪಾಠದ ಇಂಗ್ಲಿಷ್. ಆಟದ ಮೈದಾನದಲ್ಲಿ ಪಟಪಟ ಅಂತ ಮಾತಾಡೋ ಮಗು ಇದರಲ್ಲಿ ಹಿಂದಿರೋದು ಸಾಮಾನ್ಯ. ಆ ಹುಡುಗಿಯ ತೊಂದರೆ ಬರವಣಿಗೆ ಒಂದೇ ಆದರೆ, ಅವಳಿಗೆ ವಾರವಿಡೀ ಚಿತ್ರ ತೋರಿಸಿ ಪದ ಕಲಿಸೋ ಪಾಠ ಬೇಡ, ಬರವಣಿಗೆಯ ಪಾಠ ಬೇಕು. ಅಪ್ಪ ಅಮ್ಮ ಹೋಗಿ "ಬರವಣಿಗೆಗೆ ಈ ವರ್ಷ ಏನು ಮಾಡ್ತೀರಿ" ಅಂತ ಕೇಳಲಿ. 1981ರ ಕಾಸ್ಟನೇಡಾ ತೀರ್ಪು ಹೇಳೋದು ಅದನ್ನೇ. ಟೆಕ್ಸಸ್‌ನ ರೇಮಂಡ್‌ವಿಲ್ ಊರಿನ ಮೊಕದ್ದಮೆ ಅದು. ಶಾಲೆ ಆಯ್ದ ಪದ್ಧತಿಗೆ ಶಾಸ್ತ್ರೀಯ ಆಧಾರ ಇರಬೇಕು, ಅದಕ್ಕೆ ಬೇಕಾದ ಟೀಚರು, ಸಾಮಗ್ರಿ ಒದಗಿಸಿ ನಿಜವಾಗಿ ನಡೆಸಬೇಕು, ಕೊನೆಗೆ ಫಲ ಕೊಡ್ತಿದೆಯಾ ಅಂತ ನೋಡಿ, ಕೊಡದಿದ್ದರೆ ಬದಲಿಸಬೇಕು. ಆರು ವರ್ಷ ಅದೇ ಪಾಠ ಅದೇ ಫಲಿತಾಂಶ ಅಂದರೆ ಮೂರನೆಯದು ನಡೆದಿಲ್ಲ ಅಂತ ಅರ್ಥ. ಅದಕ್ಕೆ ಮಗು ತಲೆ ತಗ್ಗಿಸಬೇಕಾಗಿಲ್ಲ, ಉತ್ತರ ಕೊಡಬೇಕಾದವರು ಶಾಲೆಯವರು.

ಹುಬ್ಬಳ್ಳಿ ಮಂದಿ, ಹ್ಯೂಸ್ಟನ್

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಸ್ವಲ್ಪ ಬ್ಯಾರೆ ಐತ್ರಿ. ಮಗಳು ಹುಬ್ಬಳ್ಳ್ಯಾಗ ಕನ್ನಡ ಮೀಡಿಯಂ ಸಾಲಿ ಕಲತಾಕಿ. ಇಲ್ಲೆ ಬಂದು ಏಳನೇ ಗ್ರೇಡಿಗೆ ಸೇರ್ಯಾಳ. ಗಣಿತದಾಗ ಭಾಳ ಶ್ಯಾಣ್ಯಾಕಿ ಇದ್ದಾಳ್ರಿ, ಇಲ್ಲಿ ಪುಸ್ತಕ ನೋಡಿ "ಅಪ್ಪಾ, ಇದನ್ನೆಲ್ಲಾ ನಾ ಮಾಡೇನಿ" ಅಂತಾಳ. ಆದ್ರ ಇಂಗ್ಲಿಷ್ ಬರಂಗಿಲ್ಲ ಅಂತ ಹೇಳಿ ಆಕೀನ ಎಲ್ಲಾರಕಿಂತ ಕೆಳಗಿನ ಗಣಿತ ಕ್ಲಾಸಿಗೆ ಹಾಕ್ಯಾರ. ಸೈನ್ಸ್ ಪಿರಿಯಡ್ ತಗದು ಅದರ ಜಾಗಾದಾಗ ಇಂಗ್ಲಿಷ್ ಇಟ್ಟಾರ. ಮುಂದಿನ ವರ್ಷ ನೋಡೋಣ ಅಂತಾರ. ಮನಿಗೆ ಬಂದು ಸುಮ್ಮನ ಕುಂದರ್ತಾಳ್ರಿ. ಇದು ಸರಿ ಏನ್ರಿ? ನಾವು ಯಾರನ್ನ ಕೇಳಬೇಕು?

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಸರ್, ಇದನ್ನು ಓದಿ ತುಂಬಾ ಸಂಕಟ ಆಯ್ತು. ಇಲ್ಲ, ಸರಿ ಅಲ್ಲ.

ಮಗುವಿಗೆ ಇಂಗ್ಲಿಷ್ ಕಲಿಸೋದು ಒಂದು ಜವಾಬ್ದಾರಿ. ಇಂಗ್ಲಿಷ್ ಕಲೀತಿರುವಾಗಲೇ ಗಣಿತ, ವಿಜ್ಞಾನ, ಸಮಾಜದಲ್ಲಿ ಅವಳು ಹಿಂದೆ ಬೀಳದಂತೆ ನೋಡಿಕೊಳ್ಳೋದು ಇನ್ನೊಂದು. ಕಾನೂನು ಎರಡನ್ನೂ ಕೇಳುತ್ತೆ. ನಾನು ಮೇಲೆ ಹೇಳಿದ ಕಾಸ್ಟನೇಡಾ ತೀರ್ಪಿನಲ್ಲೇ ಇದೂ ಇದೆ: ಶಾಲೆ ಬೇಕಾದರೆ ಮೊದಲ ಸ್ವಲ್ಪ ಕಾಲ ಇಂಗ್ಲಿಷಿಗೆ ಒತ್ತು ಕೊಡಬಹುದು, ಆದರೆ ಆ ಸಮಯದಲ್ಲಿ ಬೇರೆ ವಿಷಯಗಳಲ್ಲಿ ಆದ ನಷ್ಟವನ್ನು ತುಂಬಿಕೊಡೋ ಹೊಣೆ ಶಾಲೆಯದೇ. "ಮುಂದಿನ ವರ್ಷ ನೋಡೋಣ" ಅನ್ನೋದು ಯೋಜನೆ ಅಲ್ಲ. ನಷ್ಟ ಹೇಗೆ ತುಂಬ್ತೀರಿ ಅಂತ ಬರೆದು ಕೊಡಿ ಅಂತ ಕೇಳಿ.

ಟೆಕ್ಸಸ್‌ನಲ್ಲಿ ಪ್ರತಿ ಶಾಲೆಗೂ ಭಾಷಾ ಮಟ್ಟ ನಿರ್ಧರಿಸೋ ಸಮಿತಿ ಇರುತ್ತೆ, ಎಲ್.ಪಿ.ಎ.ಸಿ. ಅಂತಾರೆ. ಅದರಲ್ಲಿ ಟೀಚರು, ಶಾಲೆಯ ಆಡಳಿತದವರು, ಜೊತೆಗೆ ಇದೇ ಥರದ ಮಗುವಿನ ಒಬ್ಬ ತಂದೆ ಅಥವಾ ತಾಯಿ ಸದಸ್ಯರಾಗಿರ್ತಾರೆ. ಸೇರಿದ ನಾಲ್ಕು ವಾರದೊಳಗೆ ಮಗಳ ಮಟ್ಟ ನಿರ್ಧರಿಸಿರಬೇಕು. ಅವರ ತೀರ್ಮಾನದ ಕಾಗದ ಕೇಳಿ ಪಡೀರಿ. ರಾಜ್ಯದ ಸ್ಟಾರ್ ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳೋದು, ನಿಘಂಟು, ಇಂಥ ಯಾವ ಸಹಾಯ ಕೊಡಬೇಕು ಅಂತ ತೀರ್ಮಾನಿಸೋದೂ ಅದೇ ಸಮಿತಿ. ಪರೀಕ್ಷೆ ದಿನ ಹೊಸದಾಗಿ ಕೊಟ್ಟರೆ ಉಪಯೋಗ ಇಲ್ಲ, ವರ್ಷವಿಡೀ ತರಗತಿಯಲ್ಲಿ ಬಳಸಿ ಅಭ್ಯಾಸ ಆಗಿರಬೇಕು. ಆದ್ದರಿಂದ ಈಗಲೇ ಕೇಳಿ.

ಗಣಿತದ ಕ್ಲಾಸಿನ ವಿಷಯಕ್ಕೆ, ಹುಬ್ಬಳ್ಳಿ ಶಾಲೆಯ ಅಂಕಪಟ್ಟಿ ಇಂಗ್ಲಿಷಿಗೆ ಅನುವಾದ ಮಾಡಿಸಿ ಕೊಡಿ. ಮಾತು ಕಡಿಮೆ ಇರೋ, ಬರೀ ಅಂಕಿಗಳ ಗಣಿತ ಟೆಸ್ಟ್ ಕೊಟ್ಟು ನೋಡಿ ಅಂತ ಕೇಳಿ. ಇಂಗ್ಲಿಷ್ ಬರಲ್ಲ ಅನ್ನೋ ಒಂದೇ ಕಾರಣಕ್ಕೆ ಮುಂದಿನ ಗಣಿತದಿಂದ, ಪ್ರತಿಭಾವಂತ ಮಕ್ಕಳ ತರಗತಿಗಳಿಂದ ಹೊರಗಿಡೋ ಹಾಗಿಲ್ಲ.

ಮನೇಲಿ ಅವಳು ಕನ್ನಡದಲ್ಲೇ ವಿಜ್ಞಾನ ಓದ್ತಾ ಇರಲಿ. ದ್ಯುತಿಸಂಶ್ಲೇಷಣೆ ಏನು ಅಂತ ಕನ್ನಡದಲ್ಲಿ ತಿಳಿದ ಮಗು ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕಾದ್ದು ಹೆಸರನ್ನು ಮಾತ್ರ.

ಹುಬ್ಬಳ್ಳಿ ಮಂದಿ, ಹ್ಯೂಸ್ಟನ್

ಭಾಳ ಉಪಕಾರ ಆತ್ರೀ ಮೇಡಂ. ಅಂಕಪಟ್ಟಿ ಅದಾವ್ರಿ. ಕೊನೀ ಮಾತು ಮಗಳಿಗೆ ಓದಿ ಹೇಳಿದೆ. ಯಾರೋ ಇಲ್ಲಿ "ಮನ್ಯಾಗ ಕನ್ನಡ ಬಂದ್ ಮಾಡ್ರಿ, ಅಂದ್ರ ಲಗೂ ಕಲೀತಾಳ" ಅಂದಿದ್ರು. ಅದಕ್ಕ ನಾವು ಸುಮ್ಮನಾಗಿದ್ವಿ.

ಬೇ ಏರಿಯಾ ವಕೀಲ

ಹುಬ್ಬಳ್ಳಿ ಸರ್, ಮನೆಯಲ್ಲಿ ಕನ್ನಡ ಬಿಡಿ ಅನ್ನೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ನೂರು ವರ್ಷಕ್ಕೂ ಹಿಂದೆ, ಮೊದಲ ಮಹಾಯುದ್ಧ ಮುಗಿದ ಸಮಯದಲ್ಲಿ, ನೆಬ್ರಾಸ್ಕಾ ರಾಜ್ಯ ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸೋದೇ ಅಪರಾಧ ಅಂತ ಕಾಯ್ದೆ ಮಾಡಿತ್ತು. ಜರ್ಮನ್ ಕಲಿಸಿದ ಮೇಯರ್ ಅನ್ನೋ ಮೇಷ್ಟ್ರಿಗೆ ಶಿಕ್ಷೆಯಾಯ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನೇ ಹೊಡೆದುಹಾಕಿತು. ನಾವು ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸ್ತಿರೋದು ಆ ಹಕ್ಕಿನ ನೆರಳಲ್ಲೇ.

ಕಡಲತಡಿ, ಬಾಸ್ಟನ್

ನಮಸ್ಕಾರ. ನಾವು ಉಡುಪಿ ಕಡೆಯವರು. ಮಗನಿಗೆ ಐದು ವರ್ಷ. ಮನೆಯಲ್ಲಿ ಕನ್ನಡವೇ, ಆದರೆ ಕನ್ನಡದಲ್ಲಿ ಕೂಡ ಎರಡು ಮೂರು ಪದ ಸೇರಿಸಿ ಹೇಳಲಿಕ್ಕೆ ಅವನಿಗೆ ಕಷ್ಟ ಉಂಟು. ಶಾಲೆಯಲ್ಲಿ ಹೇಳಿದೆವು. ಅವರು "ಮೊದಲು ಇಂಗ್ಲಿಷ್ ಕಲಿಯಲಿ, ಒಂದೆರಡು ವರ್ಷ ಬಿಟ್ಟು ನೋಡುವ" ಎಂದರು. ಮೀಟಿಂಗಿಗೆ ನನ್ನ ಹೆಂಡತಿ ಹೋದಾಗ, ಅವಳಿಗೆ ಇಂಗ್ಲಿಷ್ ಅಷ್ಟು ಸಲೀಸಿಲ್ಲ, ನಾಲ್ಕನೇ ಗ್ರೇಡಿನ ಮಗಳನ್ನೇ ಕರೆಸಿ ಅನುವಾದ ಮಾಡಿಸಿದರು. ತಮ್ಮನ ಬಗ್ಗೆ ಆ ಮಾತುಗಳನ್ನೆಲ್ಲ ಅವಳು ಹೇಳಬೇಕಾಯಿತು. ನಮಗೆ ತುಂಬ ಬೇಸರ ಆಯಿತು.

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಎರಡೂ ತಪ್ಪು. ಒಂದು ವರ್ಷ ಕೂಡ ಕಾಯಬೇಡಿ.

ವಿಶೇಷ ಶಿಕ್ಷಣದ ಕೇಂದ್ರ ಕಾಯ್ದೆ ಐಡಿಯಾ ಎರಡೂ ಕಡೆಯ ಅನ್ಯಾಯವನ್ನು ತಡೆಯುತ್ತೆ. ಇಂಗ್ಲಿಷ್ ಬರಲ್ಲ ಅನ್ನೋ ಕಾರಣಕ್ಕೆ ಮಗುವಿಗೆ ನ್ಯೂನತೆ ಇದೆ ಅನ್ನೋ ಹಾಗಿಲ್ಲ. ಹಿಂದೆ ಅದು ನಡೀತಿತ್ತು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆ ಪರೀಕ್ಷೆ ಮಾಡಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರ ವಿರುದ್ಧ ಡಯಾನಾ ಮೊಕದ್ದಮೆ ಬಂತು, ಆಮೇಲೆ ಮನೆಮಾತಿನಲ್ಲೂ ಪರೀಕ್ಷಿಸಬೇಕು ಅಂತಾಯ್ತು. ಅದೇ ಥರ, ಇಂಗ್ಲಿಷ್ ಬರಲಿ ಅಂತ ಕಾದು ಮೌಲ್ಯಮಾಪನ ಮುಂದೂಡೋದೂ ಸಲ್ಲದು. ನಿಮ್ಮ ಮಗನಿಗೆ ಕನ್ನಡದಲ್ಲೂ ಕಷ್ಟ ಇದೆ ಅನ್ನೋದು ಇಲ್ಲಿ ಬಹಳ ಮುಖ್ಯವಾದ ಮಾಹಿತಿ, ಯಾಕೆಂದರೆ ತೊಂದರೆ ಇಂಗ್ಲಿಷಿನದ್ದಲ್ಲ ಅಂತ ಅದು ಸೂಚಿಸುತ್ತೆ. ಅದನ್ನು ಉದಾಹರಣೆ ಸಮೇತ ಬರೆದು ಕೊಡಿ. ಅವನು ಏನು ಕೇಳಬೇಕಾದಾಗ ಹೇಗೆ ಹೇಳ್ತಾನೆ, ಅಕ್ಕ ಆ ವಯಸ್ಸಿನಲ್ಲಿ ಹೇಗೆ ಮಾತಾಡ್ತಿದ್ದಳು, ಅಜ್ಜಿ ಫೋನಿನಲ್ಲಿ ಮಾತಾಡಿಸಿದರೆ ಅರ್ಥ ಆಗುತ್ತಾ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯಲ್ಲ, ಬರಹದಲ್ಲಿ ಕೇಳಿ. ಮ್ಯಾಸಚೂಸೆಟ್ಸ್‌ನಲ್ಲಿ ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ 30 ಶಾಲಾ ದಿನದೊಳಗೆ ಪರೀಕ್ಷೆಗಳು ಮುಗಿಯಬೇಕು, 45 ಶಾಲಾ ದಿನದೊಳಗೆ ಸಭೆ ಸೇರಬೇಕು. ಸಾಧ್ಯವಿದ್ದಲ್ಲೆಲ್ಲ ಮಗುವಿನ ಭಾಷೆಯಲ್ಲಿ ಪರೀಕ್ಷಿಸಬೇಕು ಅಂತಲೂ ಕಾಯ್ದೆ ಹೇಳುತ್ತೆ. ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಸಿಗೋದು ಕಷ್ಟ, ಆದರೆ ದುಭಾಷಿಯನ್ನು ಇಟ್ಟುಕೊಂಡು ಮಾಡಬಹುದು. ಇಂಗ್ಲಿಷ್ ಸಹಾಯ ಇದ್ದರೆ ವಿಶೇಷ ಶಿಕ್ಷಣ ಇಲ್ಲ ಅನ್ನೋ ನಿಯಮ ಯಾವುದೂ ಇಲ್ಲ, ಎರಡೂ ಒಟ್ಟಿಗೆ ಸಿಗಬೇಕು.

ಮಗಳ ವಿಷಯ: ಮಕ್ಕಳನ್ನು ದುಭಾಷಿ ಮಾಡಬಾರದು. ಶಾಲೆಯೇ ಖರ್ಚು ಹಾಕಿ, ತಿಳಿದವರನ್ನು ಕರೆಸಬೇಕು. ಕನ್ನಡ ದುಭಾಷಿ ಊರಲ್ಲಿ ಸಿಗದಿದ್ದರೆ ಫೋನಿನಲ್ಲಿ ಸಿಗ್ತಾರೆ. ಸಭೆಗೆ ಮುಂಚೆಯೇ "ಕನ್ನಡ ದುಭಾಷಿ ಬೇಕು" ಅಂತ ಈಮೇಲ್ ಮಾಡಿ. ನಿಮ್ಮ ಮನೆಯವರಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬಂದರೂ ಕೇಳಬಹುದು. ಮಗುವಿನ ಭವಿಷ್ಯದ ಸಭೆಯಲ್ಲಿ ತಾಯಿಗೆ ಪ್ರತಿ ಮಾತೂ ತಿಳಿಯಬೇಕು.

ಬೇ ಏರಿಯಾ ವಕೀಲ

2025ರಲ್ಲಿ ಏನೇನು ಬದಲಾಯ್ತು ಅಂತ ಒಂದಿಬ್ಬರು ಖಾಸಗಿಯಾಗಿ ಕೇಳಿದರು, ಇಲ್ಲೇ ಬರೀತೀನಿ. ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆ ಅಂತ ಸಾರೋ ಅಧ್ಯಕ್ಷರ ಆದೇಶ ಬಂತು. ಅದೇ ತಿಂಗಳು ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನು ಮುಚ್ಚಿದರು. ಸ್ಯಾನ್ ಫ್ರಾನ್ಸಿಸ್ಕೋ, ಶಿಕಾಗೋ, ಡಾಲಸ್, ನ್ಯೂಯಾರ್ಕ್, ಬಾಸ್ಟನ್ ಕಚೇರಿಗಳು ಅದರಲ್ಲಿ ಸೇರಿವೆ. ಅಂದರೆ ಇಲ್ಲಿ ಬರೆದವರಲ್ಲಿ ಬಹುತೇಕರ ಹತ್ತಿರದ ಕಚೇರಿ ಹೋಯ್ತು. ಆಗಸ್ಟ್‌ನಲ್ಲಿ, 2015ರ ಜನವರಿಯಲ್ಲಿ ನ್ಯಾಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ ಹೊರಡಿಸಿದ್ದ ಮಾರ್ಗದರ್ಶಿ ಪತ್ರವನ್ನು ಹಿಂತೆಗೆದುಕೊಂಡರು. ಟೀಚರ್ ಮೇಡಂ ಹೇಳಿದ ಎಷ್ಟೋ ವಿವರಗಳು, ದುಭಾಷಿ ವಿಚಾರ ಸೇರಿ, ಆ ಪತ್ರದಲ್ಲಿ ಒಂದೇ ಕಡೆ ಸಿಗ್ತಿದ್ದವು. ಶಾಲೆಗಳಿಗೆ ಅದೊಂದು ಕೈಪಿಡಿಯಾಗಿತ್ತು. ಹೋದದ್ದು ದೊಡ್ಡ ನಷ್ಟ.

ಆದರೆ ಪತ್ರ ಕಾನೂನಲ್ಲ. 1964ರ ಕಾಯ್ದೆ, 1974ರ ಕಾಯ್ದೆ, ಎಸ್ಸಾ, ಲಾವ್ ತೀರ್ಪು ಯಾವುದನ್ನೂ ಆದೇಶ ಹೊರಡಿಸಿ ಅಳಿಸೋಕಾಗಲ್ಲ. ಶಾಲೆಯವರು ಯಾರಾದರೂ "ಈಗ ಆ ನಿಯಮ ಇಲ್ಲ" ಅಂದರೆ ನಂಬಬೇಡಿ. ವ್ಯತ್ಯಾಸ ಆಗಿರೋದು ಜಾರಿಯಲ್ಲಿ. ದೂರು ಕೊಟ್ಟರೆ ಕೇಂದ್ರದಿಂದ ಬೇಗ ಉತ್ತರ ಬರುತ್ತೆ ಅಂತ ನಾನು ಭರವಸೆ ಕೊಡಲಾರೆ. ಕೊಡೋದಾದರೆ ಘಟನೆ ನಡೆದ 180 ದಿನದೊಳಗೆ ಕೊಡಬೇಕು. ಜೊತೆಗೆ ರಾಜ್ಯದ ಶಿಕ್ಷಣ ಇಲಾಖೆಗೂ ಕೊಡಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಏಕರೂಪ ದೂರು ವಿಧಾನ ಅಂತಲೇ ಇದೆ. ಕೋರ್ಟಿಗೆ ಹೋಗೋ ಪ್ರಸಂಗ ಬಂದರೆ ಒಂದು ಸೂಕ್ಷ್ಮ ನೆನಪಿಡಿ. ಉದ್ದೇಶಪೂರ್ವಕ ಭೇದ ತೋರಿಸಲಾಗದೆ, ಪರಿಣಾಮದಲ್ಲಿ ಅನ್ಯಾಯ ಆಯ್ತು ಅಂತ 1964ರ ಕಾಯ್ದೆಯಡಿ ಪೋಷಕರು ನೇರ ಮೊಕದ್ದಮೆ ಹೂಡೋಕಾಗಲ್ಲ, 2001ರ ಸ್ಯಾಂಡೊವಲ್ ತೀರ್ಪು ಆ ಬಾಗಿಲು ಮುಚ್ಚಿತು. 1974ರ ಸಮಾನ ಅವಕಾಶಗಳ ಕಾಯ್ದೆಯಡಿ ಈಗಲೂ ಹೂಡಬಹುದು. ಹಾಗಾಗಿ ದೂರಿನಲ್ಲಿ ಅದರ ಹೆಸರು ತಪ್ಪದೆ ಬರೀರಿ.

ಗಡಿನಾಡ ಮೇಷ್ಟ್ರು, ರಾಯಚೂರು

ಇಷ್ಟನ್ನೂ ಓದಿದೆ. ನಾನು ಆಂಧ್ರ, ತೆಲಂಗಾಣ ಗಡಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವವನು. ನನ್ನ ತರಗತಿಯಲ್ಲಿ ತೆಲುಗು ಮನೆಮಾತಿನ ಮಕ್ಕಳು, ಉರ್ದು ಮಾತಾಡುವ ಮಕ್ಕಳು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು ಇದ್ದಾರೆ. ಒಂದನೇ ತರಗತಿಗೆ ಬರುವಾಗ ಕೆಲವರಿಗೆ ಕನ್ನಡ ಒಂದಕ್ಷರವೂ ತಿಳಿದಿರುವುದಿಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ. ಆದರೆ ಸೇರಿದ 30 ದಿನದಲ್ಲಿ ಆ ಮಗುವಿನ ಕನ್ನಡ ಎಷ್ಟಿದೆ ಎಂದು ನೋಡಿ, ಪೋಷಕರಿಗೆ ಪತ್ರ ಕೊಟ್ಟು, ಪ್ರತಿ ವರ್ಷ ಅಳೆದು, ಫಲ ಸಿಗದಿದ್ದರೆ ಪದ್ಧತಿ ಬದಲಿಸಬೇಕು ಎಂಬ ಕಟ್ಟುಪಾಡನ್ನು ನನ್ನ ಶಾಲೆಗೆ ಯಾರೂ ವಿಧಿಸಿಲ್ಲ. ನಾನೇ ತೆಲುಗು, ಅಲ್ಪಸ್ವಲ್ಪ ಲಂಬಾಣಿ ಕಲಿತು ನಿಭಾಯಿಸುತ್ತೇನೆ. ನಮ್ಮಲ್ಲಿ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಮಾಧ್ಯಮ ಯಾವುದಿರಬೇಕು ಎಂಬ ಜಗಳವೇ ದೊಡ್ಡದಾಯಿತು, ಆ ಮಾಧ್ಯಮ ತಿಳಿಯದ ಮಗುವಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿಯಿತು. ನಿಮ್ಮ ಕಡೆ ಬಳಸುವ ತರಗತಿ ಸಾಮಗ್ರಿ, ಮಟ್ಟ ಅಳೆಯುವ ಮಾದರಿ ಇದ್ದರೆ ಹಂಚಿಕೊಳ್ಳಿ ಟೀಚರ್ ಮೇಡಂ, ನಮ್ಮ ತರಗತಿಗೆ ತಕ್ಕಂತೆ ಮಾಡಿಕೊಳ್ಳುತ್ತೇನೆ.

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಮೇಷ್ಟ್ರೇ, ಖಂಡಿತ. ವೀಡಾದವರ ತಾಣದಲ್ಲಿ "ಈ ಮಟ್ಟದ ಮಗು ಏನು ಮಾಡಬಲ್ಲದು" ಅನ್ನೋ ವಿವರಣೆಗಳು ತರಗತಿವಾರು ಉಚಿತವಾಗಿ ಸಿಗ್ತವೆ. ಇಂಗ್ಲಿಷಿಗೆ ಅಂತ ಬರೆದದ್ದು, ಆದರೆ ಹಂತಗಳು ಯಾವ ಭಾಷೆಗಾದರೂ ದಾರಿ ತೋರಿಸ್ತವೆ. ನಾನು ಒಂದನೇ ತರಗತಿಯ ಭಾಗವನ್ನು ಕನ್ನಡಕ್ಕೆ ಹೊಂದಿಸಿ ಕಳಿಸ್ತೀನಿ, ನೀವು ಲಂಬಾಣಿ ಮಕ್ಕಳ ಜೊತೆ ಪ್ರಯೋಗಿಸಿ ಏನು ತಿದ್ದಬೇಕು ಹೇಳಿ.

ನೇಪರ್‌ವಿಲ್ ಅಪ್ಪ

ಸ್ನೇಹಿತರಿಗೆ ಈ ಚರ್ಚೆ ಕಳಿಸಿದೆ. ಬರವಣಿಗೆಗೆ ಪ್ರತ್ಯೇಕ ಯೋಜನೆ ಕೊಡಿ ಅಂತ ಶಾಲೆಗೆ ಬರೀತಾರಂತೆ. ಹೊರಗೆ ಬಿಡೋ ಅಂಕ ಇಷ್ಟು ಗಟ್ಟಿಯಾಗಿ ಇರಬಾರದು ಅನ್ನೋ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಮೂರರಲ್ಲಿ ಗೆದ್ದ ಮಗುವನ್ನು ಒಂದಕ್ಕಾಗಿ ವರ್ಷಗಟ್ಟಲೆ ಹಿಡಿದಿಡೋದು ತಪ್ಪು. ಹಾಸನದ ಸಿಸ್ಟರ್, ಕನ್ನಡ ಅಂತ ಬರೆಯೋದಾದರೆ ಸ್ಕೋರಿನ ಕಾಗದ ಪ್ರತಿ ವರ್ಷ ಕೇಳಿ ಪಡೆದು ಓದ್ತೀನಿ ಅಂತ ನಿರ್ಧಾರ ಮಾಡಿಕೊಂಡೇ ಬರೀರಿ.

ಹಾಸನದ ಹುಡುಗಿ, ಫ್ರೀಮಾಂಟ್

ನಾಲ್ಕಕ್ಕೂ ಕನ್ನಡ ಅಂತ ಬರೆದು ಕೊಟ್ಟೆ. ಕೊಡುವಾಗಲೇ ಮೊದಲ ಎಲ್ಪ್ಯಾಕ್ ಯಾವಾಗ, ಪತ್ರ ಯಾರ ಹೆಸರಿಗೆ ಬರುತ್ತೆ ಅಂತ ಕೇಳಿಕೊಂಡು ಬಂದೆ. ಹುಬ್ಬಳ್ಳಿಯವರೇ, ನಿಮ್ಮ ಮಗಳ ವಿಷಯ ಏನಾಯ್ತು?

ಹುಬ್ಬಳ್ಳಿ ಮಂದಿ, ಹ್ಯೂಸ್ಟನ್

ಈಮೇಲ್ ಬರದು ಕಳಿಸಬೇಕಂತ ಕುಂತೇನ್ರಿ. ಹೆಂಗ ಬರೀಬೇಕು ತಿಳೀವಲ್ದು. ಜಗಳ ಮಾಡಿದಂಗೂ ಆಗಬಾರದು.

ಇ.ಎಸ್.ಎಲ್. ಟೀಚರ್, ನ್ಯೂಜೆರ್ಸಿ

ಜಗಳ ಬೇಡ ಸರ್, ಪ್ರಶ್ನೆ ಕೇಳಿ ಸಾಕು. ಪ್ರಿನ್ಸಿಪಾಲರಿಗೆ ಬರೀರಿ, ಡಿಸ್ಟ್ರಿಕ್ಟ್‌ನಲ್ಲಿ ಬಹುಭಾಷಾ ವಿಭಾಗ ನೋಡಿಕೊಳ್ಳೋರಿಗೂ ಪ್ರತಿ ಹೋಗಲಿ. ಮಗಳ ಹೆಸರು, ಗ್ರೇಡು, ಸೇರಿದ ದಿನ. ಆಮೇಲೆ ನೇರವಾಗಿ: "ನಮ್ಮ ಮಗಳಿಗೆ ಇಂಗ್ಲಿಷ್ ಕಲಿಸ್ತಿರೋದಕ್ಕೆ ಧನ್ಯವಾದ. ಈ ವರ್ಷ ಅವಳಿಗೆ ವಿಜ್ಞಾನದ ಪಾಠ ಇಲ್ಲ. ಆ ಕಲಿಕೆಯನ್ನು ಯಾವಾಗ, ಹೇಗೆ ತುಂಬಿಕೊಡ್ತೀರಿ? ಭಾರತದ ಅಂಕಪಟ್ಟಿ ಲಗತ್ತಿಸಿದ್ದೇವೆ, ಅವಳ ಗಣಿತದ ಮಟ್ಟವನ್ನು ಮತ್ತೆ ಪರೀಕ್ಷಿಸಬೇಕೆಂದು ಕೋರುತ್ತೇವೆ. ಭಾಷಾ ಸಮಿತಿಯ ತೀರ್ಮಾನದ ಪ್ರತಿ ಮತ್ತು ರಾಜ್ಯ ಪರೀಕ್ಷೆಗೆ ಅವಳಿಗೆ ಕೊಡುವ ಸಹಾಯಗಳ ಪಟ್ಟಿ ಬೇಕು. ಸಭೆಗೆ ದಿನ ತಿಳಿಸಿ, ಕನ್ನಡ ದುಭಾಷಿಯನ್ನು ಒದಗಿಸಿ." ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಬರೆದು ಇವತ್ತು ರಾತ್ರಿ ನಿಮಗೆ ಮೆಸೇಜ್ ಮಾಡ್ತೀನಿ. ಕಳಿಸಿದ ಮೇಲೆ ಪ್ರತಿ ಇಟ್ಟುಕೊಳ್ಳಿ, ಒಂದು ವಾರದಲ್ಲಿ ಉತ್ತರ ಬರದಿದ್ದರೆ ಇಲ್ಲೇ ಬರೀರಿ, ಮುಂದಿನ ಪತ್ರ ವಕೀಲ ಸರ್ ಜೊತೆ ಸೇರಿ ಬರೆಯೋಣ.